ಪದರ ಪದರ ಪಾಲಿಥೀನಿಗೆ ಪೇಟೆಂಟ್: ಬೆಳೆಗಾರ ಏಕೆ ಕಣ್ಣಿಡಬೇಕು?



ಪೇಟೆಂಟ್ ಎಂದೊಡನೆ ಅದು ವಕೀಲರಿಗೂ ಕಾರ್ಖಾನೆದಾರರಿಗೂ ಸೇರಿದ ವಿಷಯ, ತೋಟದವರಿಗೆ ಅದರ ಗೊಡವೆ ಏಕೆ ಎಂದು ನಮ್ಮಲ್ಲಿ ಅನೇಕರು ಪುಟ ಮಗುಚಿಬಿಡುವುದುಂಟು. ಈ ಸಲ ಹಾಗೆ ಮಾಡಬಾರದೆಂದು ವಿನಂತಿ. ಕಣದಲ್ಲಿ ಕಾಫಿ ಹಣ್ಣು ಹರಡುವ ಟಾರ್ಪಾಲು, ಚಾಲಿ ಅಡಿಕೆ ತುಂಬುವ ಗೋಣಿಯ ಒಳಚೀಲ, ಕೊಳೆರೋಗ ತಡೆಯಲು ಕೊನೆಗೆ ಕಟ್ಟುವ ಕೊಟ್ಟೆ, ಸಸಿಮಡಿಯ ಬುಟ್ಟಿಗೆ ಬದಲಾಗಿ ಬಂದ ಚೀಲ, ಪುಡಿ ಮಾಡಿ ಮಾರುವವರ ಕಾಫಿ ಪೊಟ್ಟಣ, ಇವೆಲ್ಲವೂ ಇಂದು ಪಾಲಿಥೀನಿನವೇ. ಐದೆಕರೆಯ ಬೆಳೆಗಾರನೂ ಗೊಬ್ಬರ ಮತ್ತು ಕೂಲಿಯ ಲೆಕ್ಕದ ಕೆಳಗೆ ಈ ಹಾಳೆಗಳಿಗಾಗಿ ಒಂದು ಸಾಲು ಬರೆಯಬೇಕಾಗಿದೆ. ಆ ಸಾಲಿನ ಮೊತ್ತವನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಪೇಟೆಂಟೂ ಒಂದು.

ಕಳೆದ ಹಂಗಾಮಿನಲ್ಲಿ ನಮ್ಮ ಸಂಘದ ಮಳಿಗೆಗೆ ಬಂದ ವ್ಯಾಪಾರಿಯೊಬ್ಬರು ಮೂರು ಪದರದ ಒಳಚೀಲವನ್ನು ಮೇಜಿನ ಮೇಲೆ ಹರವಿ, ಇದಕ್ಕೆ ಪೇಟೆಂಟ್ ಇದೆ, ಬೇರೆ ಯಾರೂ ಇದನ್ನು ಮಾಡುವ ಹಾಗಿಲ್ಲ, ದರ ಹೆಚ್ಚಾಗಿರುವುದು ಅದಕ್ಕೇ ಎಂದರು. ಪೇಟೆಂಟಿನ ಸಂಖ್ಯೆ ಕೇಳಿದೆವು. ಅರ್ಜಿ ಹಾಕಿದ್ದೇವೆ ಎಂಬ ಉತ್ತರ ಬಂತು. ಅರ್ಜಿಯ ಸಂಖ್ಯೆ ಕೇಳಿದೆವು. ಆಮೇಲೆ ಕಳಿಸುತ್ತೇವೆ ಎಂದು ಹೋದವರು ಮರಳಿ ಬರಲಿಲ್ಲ. ಈ ಪ್ರಸಂಗ ಚಿಕ್ಕದೇ. ಆದರೆ ಇದರಿಂದ ಏಳುವ ಪ್ರಶ್ನೆ ಚಿಕ್ಕದಲ್ಲ. ಎಲ್ಲರಿಗೂ ಗೊತ್ತಿರುವ ಪಾಲಿಥೀನಿನ ಮೇಲೆ ಇನ್ನೊಂದು ಪಾಲಿಥೀನನ್ನು ಅಂಟಿಸಿ, ಇದು ನನ್ನ ಶೋಧನೆ, ಇಪ್ಪತ್ತು ವರ್ಷ ಇನ್ನಾರೂ ಮುಟ್ಟಕೂಡದು ಎನ್ನಬಹುದೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪದರಗಳು ಕೂಡಿದಾಗ ಒಂದೊಂದೇ ಪದರ ಕೊಡಲಾರದ ಹೊಸ ಗುಣವೊಂದು ಹುಟ್ಟಿದರೆ, ಮತ್ತು ಆ ಗುಣ ಕಸುಬು ಬಲ್ಲವನಿಗೆ ತಾನಾಗಿ ಹೊಳೆಯುವಂಥದ್ದಲ್ಲದಿದ್ದರೆ, ಪೇಟೆಂಟ್ ಕೊಡುವುದು ನ್ಯಾಯ. ಬರೇ ಪದರ ಹೆಚ್ಚಿಸಿದ್ದಕ್ಕೆ ಕೊಡುವುದು ಅನ್ಯಾಯ. ನಮ್ಮ ದೇಶದ ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಆದರೆ ಕಚೇರಿಯ ಮುಂದೆ ಸಾಕ್ಷ್ಯ ಇಡುವವರಿಲ್ಲದಿದ್ದರೆ ಕಾನೂನಿಗೆ ಬಾಯಿ ಬರುವುದಿಲ್ಲ. ಆ ಸಾಕ್ಷ್ಯ ಇರುವುದು ನಮ್ಮ ಕಣಗಳಲ್ಲಿ, ತೋಟಗಳಲ್ಲಿ.

ಪದರ ಏಕೆ ಬೇಕಾಯಿತು?

1933ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ವಿನ್ನಿಂಗ್ಟನ್‌ನಲ್ಲಿದ್ದ ಐ.ಸಿ.ಐ. ಕಂಪೆನಿಯ ಪ್ರಯೋಗಶಾಲೆಯಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬಿಬ್ಬರು ರಸಾಯನಜ್ಞರು ಎಥಿಲೀನ್ ಅನಿಲವನ್ನು ಅತಿಯಾದ ಒತ್ತಡಕ್ಕೆ ಗುರಿಮಾಡಿದಾಗ ಪಾತ್ರೆಯಲ್ಲಿ ಮೇಣದಂಥ ಬಿಳಿಯ ವಸ್ತುವೊಂದು ಉಳಿಯಿತು. ಅದೇ ಪಾಲಿಥೀನ್. ಇಪ್ಪತ್ತು ವರ್ಷಗಳ ನಂತರ, 1953ರಲ್ಲಿ, ಜರ್ಮನಿಯ ಕಾರ್ಲ್ ಝೀಗ್ಲರ್ ಕಡಮೆ ಒತ್ತಡದಲ್ಲಿಯೇ ಅದನ್ನು ತಯಾರಿಸುವ ದಾರಿ ಕಂಡರು. ಅದಕ್ಕಾಗಿ 1963ರಲ್ಲಿ ಇಟಲಿಯ ನಟ್ಟಾ ಅವರೊಡನೆ ನೊಬೆಲ್ ಪಾರಿತೋಷಕ ಪಡೆದರು. ಮೆತ್ತಗಿನ ಕಡಮೆ ಸಾಂದ್ರತೆಯ ಹಾಳೆ, ಗರಿಗರಿ ಸದ್ದು ಮಾಡುವ ಹೆಚ್ಚು ಸಾಂದ್ರತೆಯ ಹಾಳೆ, ಎಳೆದರೂ ಬೇಗ ಹರಿಯದ ಲೀನಿಯರ್ ಜಾತಿಯ ಹಾಳೆ, ಹೀಗೆ ಒಂದೇ ಕುಲದಲ್ಲಿ ಹಲವು ಮನೆತನಗಳು ಬೆಳೆದವು.

ಈ ಕುಲಕ್ಕೆ ಒಂದು ಗುಣವೂ ಒಂದು ದೋಷವೂ ಇದೆ. ತೇವವನ್ನು ಇದು ಚೆನ್ನಾಗಿ ತಡೆಯುತ್ತದೆ. ಗಾಳಿಯಲ್ಲಿನ ಆಮ್ಲಜನಕವನ್ನು ಅಷ್ಟಾಗಿ ತಡೆಯುವುದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬೂಸು ಹಿಡಿಯದಿರಲು, ಶೇಕಡಾ ಹತ್ತು ಹನ್ನೊಂದರ ತೇವಕ್ಕೆ ಒಣಗಿಸಿದ ಕಾಫಿ ಬೀಜ ಮತ್ತೆ ತೇವ ಎಳೆದುಕೊಂಡು ಬಣ್ಣಗೆಡದಿರಲು ಸಾಧಾರಣ ಪಾಲಿಥೀನ್ ಬಹುಮಟ್ಟಿಗೆ ಸಾಕು. ಆದರೆ ಹುರಿದು ಪುಡಿಮಾಡಿದ ಕಾಫಿಯ ಪರಿಮಳ ಉಳಿಯಬೇಕಾದರೆ ಆಮ್ಲಜನಕವನ್ನೂ ಹೊರಗಿಡಬೇಕು. ಇದಕ್ಕಾಗಿ ನೈಲಾನ್ ಅಥವಾ ಎಥಿಲೀನ್ ವಿನೈಲ್ ಆಲ್ಕೊಹಾಲ್ ಎಂಬ ಪದಾರ್ಥದ ತೆಳುಪದರವನ್ನು ನಡುವೆ ಇಡುತ್ತಾರೆ. ಇವು ಪಾಲಿಥೀನಿಗೆ ತಾವಾಗಿ ಅಂಟುವುದಿಲ್ಲವಾದ್ದರಿಂದ ಎರಡು ಬದಿಗೂ ಅಂಟಿನ ಪದರ ಬೇಕು. ಹೊರಗೊಂದು, ಒಳಗೊಂದು ಪಾಲಿಥೀನ್, ಮಧ್ಯೆ ತಡೆಯ ಪದರ, ಎರಡು ಅಂಟು, ಒಟ್ಟು ಐದು. ಐದು ಪದರದ ಲೆಕ್ಕ ಬಂದದ್ದು ಹೀಗೆ. ಪಾಲಿಥೀನ್ ಹೊರಗಡೆ ಇರುವುದಕ್ಕೂ ಕಾರಣವಿದೆ. ಎಥಿಲೀನ್ ವಿನೈಲ್ ಆಲ್ಕೊಹಾಲ್ ತೇವಗೊಂಡರೆ ಅದರ ತಡೆಯುವ ಶಕ್ತಿ ಕುಗ್ಗುತ್ತದೆ. ಪಾಲಿಥೀನ್ ಅದಕ್ಕೆ ಕೊಡೆ ಹಿಡಿಯುತ್ತದೆ.

ಒಂದರ ದೋಷವನ್ನು ಇನ್ನೊಂದು ಮುಚ್ಚುವ ಇಂಥ ಜೋಡಣೆಯನ್ನು ಮೊಟ್ಟಮೊದಲು ಕಂಡವನಿಗೆ ಪ್ರತಿಫಲ ಸಲ್ಲಬೇಕಾದದ್ದೇ. ಆದರೆ ಇದು ಹತ್ತಾರು ವರ್ಷಗಳಿಂದ ಪಠ್ಯಪುಸ್ತಕದ ಪಾಠವಾಗಿದೆ. ಈಗ ಐದನ್ನು ಏಳು ಮಾಡಿದೆ, ಏಳನ್ನು ಒಂಬತ್ತು ಮಾಡಿದೆ ಎಂದು ಬರುವವನು ಆ ಹೆಚ್ಚಿನ ಪದರದಿಂದ ಯಾವ ಹೊಸ ಫಲ ದೊರೆಯಿತು ಎಂಬುದನ್ನು ತೋರಿಸಬೇಕಲ್ಲವೇ?

ಕಾನೂನು ಏನು ಹೇಳುತ್ತದೆ?

1970ರ ಪೇಟೆಂಟ್ ಅಧಿನಿಯಮವು 1972ರ ಏಪ್ರಿಲ್ 20ರಂದು ಜಾರಿಗೆ ಬಂತು. ಬಳಿಕ ಹಲವು ಸಲ, ಮುಖ್ಯವಾಗಿ 2002 ಮತ್ತು 2005ರಲ್ಲಿ, ತಿದ್ದುಪಡಿ ಹೊಂದಿತು. ಪೇಟೆಂಟಿನ ಅವಧಿ ಈಗ ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ. ಶೋಧನೆ ಹೊಸದಾಗಿರಬೇಕು, ಕೈಗಾರಿಕೆಯಲ್ಲಿ ಬಳಸಲು ಬರಬೇಕು, ಅದರಲ್ಲಿ ಶೋಧನೆಯ ಹೆಜ್ಜೆ ಇರಬೇಕು. ಈ ಮೂರನೆಯದೇ ಮುಖ್ಯ. ಹಿಂದೆ ಗೊತ್ತಿದ್ದುದಕ್ಕಿಂತ ತಾಂತ್ರಿಕ ಮುನ್ನಡೆಯೋ ಆರ್ಥಿಕ ಮಹತ್ವವೋ ಇರಬೇಕು, ಜೊತೆಗೆ ಆ ಕಸುಬಿನಲ್ಲಿ ಪಳಗಿದವನಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು.

ಅಲ್ಲದೆ ಮೂರನೆಯ ಪ್ರಕರಣವು ಶೋಧನೆಗಳೇ ಅಲ್ಲ ಎಂದು ಕೆಲವನ್ನು ಬೇರ್ಪಡಿಸಿದೆ. ನಮಗೆ ಸಂಬಂಧಿಸಿದವು ಇವು: ಗೊತ್ತಿರುವ ಪದಾರ್ಥದ ಹೊಸ ಉಪಯೋಗ ಮಾತ್ರ, ಬೆರಕೆಯಿಂದ ಆಯಾ ಪದಾರ್ಥಗಳ ಗುಣಗಳು ಒಟ್ಟುಗೂಡುವುದು ಮಾತ್ರ, ಗೊತ್ತಿರುವ ಸಾಧನಗಳು ತಮ್ಮ ಹಳೆಯ ರೀತಿಯಲ್ಲೇ ಬೇರೆಬೇರೆಯಾಗಿ ಕೆಲಸಮಾಡುತ್ತಿರುವಾಗ ಅವುಗಳ ಜೋಡಣೆ ಅಥವಾ ಇಮ್ಮಡಿ, ಕೃಷಿ ಅಥವಾ ತೋಟಗಾರಿಕೆಯ ವಿಧಾನ, ಪರಂಪರಾಗತ ಜ್ಞಾನ. ಹಾಳೆಯನ್ನು ಸಾಧನವೆನ್ನಬಹುದೇ ಎಂದು ವಕೀಲರು ವಾದಿಸಬಹುದು. ವಾದ ಹೇಗೇ ಮುಗಿಯಲಿ, ಶೋಧನೆಯ ಹೆಜ್ಜೆಯ ಪರೀಕ್ಷೆಯನ್ನು ದಾಟದೆ ಯಾವ ಹಾಳೆಗೂ ಬಿಡುಗಡೆಯಿಲ್ಲ.

ಈ ಪರೀಕ್ಷೆಗೆ ನಮ್ಮ ದೇಶದಲ್ಲಿ ಗಟ್ಟಿಯಾದ ಅಡಿಪಾಯ ಹಾಕಿದ್ದು ಪಾತ್ರೆ ತಯಾರಿಕೆಯ ಒಂದು ಮೊಕದ್ದಮೆ. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಣ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1978ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಲೇಥ್ ಯಂತ್ರದಲ್ಲಿ ಪಾತ್ರೆಯನ್ನು ಹಿಡಿದಿಡುವ ರೀತಿಯಲ್ಲಿ ಮಾಡಿದ ಸುಧಾರಣೆಗೆ ಪೇಟೆಂಟ್ ದೊರೆತಿತ್ತು. ಗೊತ್ತಿರುವ ವಸ್ತುಗಳನ್ನು ಒಟ್ಟುಸೇರಿಸಿದಾಗ ಹೊಸ ಫಲವೋ, ಹೊಸ ವಸ್ತುವೋ, ಮೊದಲಿಗಿಂತ ಉತ್ತಮವಾದ ಅಥವಾ ಅಗ್ಗವಾದ ವಸ್ತುವೋ ದೊರೆಯಬೇಕು. ಕಾರ್ಯಾಗಾರದ ಕೆಲಸಗಾರ ಮಾಡಿಕೊಳ್ಳುವ ಸಣ್ಣ ಸುಧಾರಣೆ ಶೋಧನೆಯಾಗದು. ಇದು ನ್ಯಾಯಾಲಯದ ಅಭಿಪ್ರಾಯದ ಸಾರಾಂಶ. ಆ ಪೇಟೆಂಟು ನಿಲ್ಲಲಿಲ್ಲ. ಪಾತ್ರೆಗೆ ಸಲ್ಲುವ ಮಾತು ಪಾಲಿಥೀನಿಗೂ ಸಲ್ಲುತ್ತದೆ.

ಗದ್ದೆ ಇರುವ ಸದಸ್ಯರಿಗೆ ಬ್ಯುಟಾಕ್ಲೋರ್ ಎಂಬ ಕಳೆನಾಶಕದ ಹೆಸರು ಗೊತ್ತು. ಅದರ ಬಗ್ಗೆ ಮೊನ್ಸಾಂಟೊ ಕಂಪೆನಿ ಕೋರಮಂಡಲ್ ಇಂಡಾಗ್ ಎಂಬ ಸಂಸ್ಥೆಯ ಮೇಲೆ ಹೂಡಿದ ದಾವೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟು, ಅರ್ಜಿಗೆ ಮುಂಚೆಯೇ ಬ್ಯುಟಾಕ್ಲೋರ್ ಲೋಕಕ್ಕೆ ತಿಳಿದಿತ್ತು, ಅದನ್ನು ದ್ರಾವಣದಲ್ಲಿ ಕಲಸುವ ಕ್ರಮದಲ್ಲೂ ಹೊಸತಿರಲಿಲ್ಲ ಎಂದು ಕಂಡಿತು. ಮೊದಲೇ ತಿಳಿದದ್ದನ್ನು ಬೇಲಿಯೊಳಗೆ ಹಾಕಲು ಬರುವುದಿಲ್ಲ ಎಂಬುದೇ ಇಲ್ಲಿಯ ಪಾಠ.

ನಮ್ಮ ಕಣದಲ್ಲೇ ಇರುವ ಉದಾಹರಣೆ

ನಾನು ಪೇಟೆಂಟಿನ ವಿರೋಧಿಯೆಂದು ಯಾರೂ ತಿಳಿಯಬಾರದು. ಒಳ್ಳೆಯ ಶೋಧನೆ ಎಂಥದ್ದು ಎಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಮಲೆನಾಡಿನಲ್ಲಿ ಟಾರ್ಪಾಲಿಗೆ ಸಿಲ್ಪಾಲಿನ್ ಎಂಬ ಹೆಸರೇ ರೂಢಿಯಾಗಿಬಿಟ್ಟಿದೆ. ಅದು ಸುಪ್ರೀಂ ಇಂಡಸ್ಟ್ರೀಸ್ ಎಂಬ ಕಂಪೆನಿಯ ವ್ಯಾಪಾರ ಹೆಸರು. ಎಲ್ಲ ಟಾರ್ಪಾಲುಗಳಿಗೂ ಸಲ್ಲುವುದಲ್ಲ. ಅದರ ಹಿಂದಿನ ತಂತ್ರ ಓಲೆ-ಬೆಂಟ್ ರಾಸ್ಮುಸೆನ್ ಎಂಬ ಡೆನ್ಮಾರ್ಕಿನ ಶೋಧಕರದು.

ಪಾಲಿಥೀನ್ ಹಾಳೆಯನ್ನು ಒಂದು ದಿಕ್ಕಿಗೆ ಎಳೆದರೆ ಆ ದಿಕ್ಕಿಗೆ ಬಲ ಬರುತ್ತದೆ, ಆದರೆ ಅಡ್ಡಲಾಗಿ ಜಗ್ಗಿದರೆ ಎಳೆದ ದಿಕ್ಕಿನುದ್ದಕ್ಕೂ ಸೌದೆಯಂತೆ ಸೀಳುತ್ತದೆ. ಎಳೆದ ಕೊಳವೆಯಾಕಾರದ ಹಾಳೆಯನ್ನು ಸುರುಳಿಯಾಗಿ ಕತ್ತರಿಸಿದರೆ ಆ ನಾರಿನ ದಿಕ್ಕು ಓರೆಯಾಗುತ್ತದೆ. ಹಾಗೆ ಓರೆಯಾದ ಎರಡು ಹಾಳೆಗಳನ್ನು ಒಂದರ ನಾರು ಇನ್ನೊಂದರ ನಾರನ್ನು ಕತ್ತರಿಸುವಂತೆ ಅಂಟಿಸಿದರೆ ಸೀಳು ಮುಂದಕ್ಕೆ ಹೋಗದೆ ನಿಲ್ಲುತ್ತದೆ. ಪ್ಲೈವುಡ್ ಹಲಗೆಯ ತತ್ತ್ವವೇ ಇದು. ಹಾಗಾದರೆ ಇದೂ ಹಳೆಯದೇ ಅಲ್ಲವೇ ಎಂದು ಕೇಳಬಹುದು. ತತ್ತ್ವ ಹಳೆಯದು, ನಿಜ. ಆದರೆ ಕಾಗದಕ್ಕಿಂತ ಬಹಳ ದಪ್ಪವಲ್ಲದ, ಬಿಸಿಮಾಡಿದರೆ ಎಳೆದ ಬಲವನ್ನೇ ಕಳೆದುಕೊಳ್ಳುವ ಹಾಳೆಗೆ ಆ ತತ್ತ್ವವನ್ನು ಅಳವಡಿಸಲು ಎಳೆಯುವ, ಕತ್ತರಿಸುವ, ಅಂಟಿಸುವ ಪ್ರತಿ ಹಂತದಲ್ಲೂ ಹೊಸ ದಾರಿ ಹುಡುಕಬೇಕಾಗಿತ್ತು. ಫಲವೂ ಹೊಸದು: ಕಡಮೆ ತೂಕ, ಹೆಚ್ಚು ಬಾಳಿಕೆ. ಗಾಳಿಗೆ ಕಣದ ಮೂಲೆಯ ಗೂಟ ಕಿತ್ತುಹೋದರೂ ಹಾಳೆ ಪೂರ್ತಿ ಸೀಳದೆ ಉಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಎರಡು ಪದರ ಸೇರಿ ಒಂದೊಂದಕ್ಕೂ ಇಲ್ಲದ ಗುಣ ಹುಟ್ಟಿತು. ಇಂಥದ್ದಕ್ಕೆ ಪೇಟೆಂಟ್ ಸಲ್ಲಬೇಕು.

ಆದರೆ ಇನ್ನೊಂದು ಮುಖವನ್ನೂ ನೋಡಿ. ಈ ತಂತ್ರದ ಮೇಲೆ 1970ರ ದಶಕದಲ್ಲಿ ಪಡೆದ ಪೇಟೆಂಟುಗಳು ಎಂದೋ ಮುಗಿದಿವೆ. ಅಡ್ಡನಾರಿನ ಹಾಳೆ ಎಂಬ ಮೂಲ ಕಲ್ಪನೆ ಇಂದು ಯಾರ ಸ್ವತ್ತೂ ಅಲ್ಲ. ಅವಧಿ ಮುಗಿದ ಶೋಧನೆ ಊರ ಕೆರೆಯಂತೆ ಎಲ್ಲರದು. ಅದರ ಮೇಲೆ ಒಂದು ಬಣ್ಣ, ಒಂದು ಹೆಚ್ಚಿನ ಪದರ, ಅಂಚಿಗೊಂದು ಮಡಿಕೆ ಸೇರಿಸಿ ಹೊಸ ಇಪ್ಪತ್ತು ವರ್ಷ ಕೇಳುವುದು ಕೆರೆಗೆ ಬೇಲಿ ಹಾಕಿದಂತೆ. ಬಿಡಿಭಾಗದ ಸುಧಾರಣೆಗೆ ಅಷ್ಟರಮಟ್ಟಿನ ಹಕ್ಕು ಸಿಕ್ಕೀತು, ಕೆರೆಗೆಲ್ಲ ಸಿಗಬಾರದು.

ಕೆನಡಾದಲ್ಲೊಂದು, ಅಮೆರಿಕದಲ್ಲೊಂದು

ಪಾಲಿಥೀನ್ ಹಾಳೆಯ ಪೇಟೆಂಟಿನಲ್ಲಿ ಎಷ್ಟು ಹಣ ಅಡಗಿದೆ ಎಂಬುದಕ್ಕೆ ಹೊರದೇಶದ ಒಂದು ವ್ಯಾಜ್ಯ ಸಾಕ್ಷಿ. ಡೌ ಕೆಮಿಕಲ್ ಕಂಪೆನಿಯು ಎರಡು ಬಗೆಯ ಎಥಿಲೀನ್ ಪಾಲಿಮರುಗಳನ್ನು ಬೆರೆಸಿ ತೆಳುವಾದರೂ ಗಟ್ಟಿಯಾದ ಹಾಳೆ ತಯಾರಿಸುವ ಬಗ್ಗೆ ಪೇಟೆಂಟ್ ಪಡೆದಿತ್ತು. ಇದು ಪದರಕ್ಕಿಂತ ಬೆರಕೆಯ ಪ್ರಶ್ನೆ, ಆದರೂ ನ್ಯಾಯದ ತಿರುಳು ಒಂದೇ. ನೋವಾ ಕೆಮಿಕಲ್ಸ್ ಎಂಬ ಕಂಪೆನಿ ಅದನ್ನು ಉಲ್ಲಂಘಿಸಿತೆಂದು ಕೆನಡಾದ ನ್ಯಾಯಾಲಯ 2014ರಲ್ಲಿ ತೀರ್ಮಾನಿಸಿತು. 2022ರ ನವೆಂಬರಿನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಸುಮಾರು 64 ಕೋಟಿ 50 ಲಕ್ಷ ಕೆನಡಿಯನ್ ಡಾಲರುಗಳ ಆಜ್ಞೆಯನ್ನು ಎತ್ತಿಹಿಡಿಯಿತು. ಕಸದ ಚೀಲಕ್ಕೂ ಆಹಾರದ ಪೊಟ್ಟಣಕ್ಕೂ ಬಳಸುವ ಹಾಳೆಗಾಗಿ ಇಷ್ಟು ಮೊತ್ತ!

ಇದೇ ವಂಶದ ಪೇಟೆಂಟುಗಳ ಮೇಲೆ ಅಮೆರಿಕದಲ್ಲಿಯೂ ಮೊದಮೊದಲು ಡೌ ಗೆದ್ದಿತ್ತು. ಆದರೆ 2015ರ ಆಗಸ್ಟಿನಲ್ಲಿ ಅಲ್ಲಿಯ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಹಕ್ಕುಗಳು ಅಸ್ಪಷ್ಟ, ಆದ್ದರಿಂದ ಅಸಿಂಧು ಎಂದಿತು. ಹಾಳೆಯ ಒಂದು ಗುಣದ ಅಳತೆ ಇಷ್ಟಕ್ಕಿಂತ ಹೆಚ್ಚಿರಬೇಕು ಎಂದು ಪೇಟೆಂಟಿನಲ್ಲಿ ಬರೆದಿತ್ತು. ಆ ಅಳತೆಯನ್ನು ಮಾಡಲು ಒಂದಕ್ಕಿಂತ ಹೆಚ್ಚು ಕ್ರಮಗಳಿದ್ದು ಒಂದೊಂದು ಕ್ರಮದಲ್ಲಿ ಒಂದೊಂದು ಉತ್ತರ ಬರುತ್ತಿತ್ತು. ಯಾವ ಕೊಳಗದಿಂದ ಅಳೆಯಬೇಕೆಂದು ಹೇಳದೆ ಹತ್ತು ಕೊಳಗ ಎಂದು ಬರೆದ ಕರಾರುಪತ್ರ ನಿಲ್ಲುವುದೆಂತು?

ಇದರಿಂದ ನಮಗೆರಡು ಪಾಠ. ಒಂದು, ಪೇಟೆಂಟ್ ದೇಶದೇಶಕ್ಕೆ ಬೇರೆ. ಅಮೆರಿಕದ ಪೇಟೆಂಟ್ ಎಂದು ಚೀಲದ ಮೇಲೆ ಅಚ್ಚಾಗಿದ್ದರೆ ಅದು ಭಾರತದಲ್ಲಿ ಯಾರನ್ನೂ ಕಟ್ಟಿಹಾಕದು. ಎರಡು, ಹಕ್ಕುವಾಕ್ಯ, ಅಂದರೆ ನನ್ನದು ಇಲ್ಲಿಂದ ಇಲ್ಲಿಯವರೆಗೆ ಎಂದು ಹೇಳುವ ಚೆಕ್ಕುಬಂದಿ, ಸ್ಪಷ್ಟವಾಗಿರಬೇಕು. ಪದರದ ದಪ್ಪವೆಷ್ಟು, ಯಾವ ಪದಾರ್ಥ, ಯಾವ ಪರೀಕ್ಷೆಯಲ್ಲಿ ಯಾವ ಫಲ ಎಂಬುದನ್ನು ಬರೆಯದೆ ಎರಡು ಅಥವಾ ಹೆಚ್ಚು ಪದರದ ಹಾಳೆ ಎಂದಷ್ಟೇ ಬರೆದವನು ಪಕ್ಕದ ಜಮೀನನ್ನೂ ಒತ್ತುವರಿ ಮಾಡಿಕೊಳ್ಳುವವನೇ.

ಮಲೆನಾಡಿನ ಕೊಟ್ಟೆ, ಆಲಮಟ್ಟಿಯ ಹೊಂಡ

ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಕೆಲಸ ನಮ್ಮ ಹಿರಿಯರ ಕಾಲದ್ದು. ಮೊದಲು ಹುಲ್ಲು, ಹಾಳೆಗಳ ಕೊಟ್ಟೆ, ಆಮೇಲೆ ಪಾಲಿಥೀನಿನದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಪುಸ್ತಿಕೆ ಪ್ರಕಟಿಸಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ. ಅವರು ಕಂಡದ್ದನ್ನು ಅಚ್ಚುಹಾಕಿಸಿ ಹಂಚಿದ್ದರಿಂದ ಅದು ಎಲ್ಲರ ಸೊತ್ತಾಯಿತು. ನಾಳೆ ಯಾರಾದರೂ ಎರಡು ಪದರದ ಪಾಲಿಥೀನ್ ಚೀಲವನ್ನು ಅಡಿಕೆ ಕೊನೆಗೆ ಹೊದಿಸುವ ವಿಧಾನ ತನ್ನದೆಂದು ಬಂದರೆ, ಅದು ತೋಟಗಾರಿಕೆಯ ವಿಧಾನ, ಅಲ್ಲದೆ ಬಹುಕಾಲದಿಂದ ಬಳಕೆಯಲ್ಲಿರುವುದು ಎಂದು ಎರಡು ಕಡೆಯಿಂದಲೂ ತಡೆಯಬಹುದು. ಆದರೆ ಬಳಕೆಯಲ್ಲಿತ್ತು ಎಂದು ತೋರಿಸುವ ತಾರೀಖು ಹಾಕಿದ ಒಂದು ಕಾಗದ ನಮ್ಮಲ್ಲಿದೆಯೇ?

ನಮ್ಮದು ಮಳೆ ಹೆಚ್ಚಾದ ನಾಡಿನ ಕಷ್ಟ. ಮಳೆ ಕಡಮೆಯಾದ ನಾಡಿಗೂ ಇದೇ ಪಾಲಿಥೀನ್ ಆಸರೆ. ವಿಜಯಪುರ ಜಿಲ್ಲೆಯ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟುವ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ಲೋಕಾರ್ಪಣೆ ಮಾಡಿದರು. ನಡುವೆ ನಾಲ್ಕು ದಶಕಗಳು ಕಳೆದವು. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ಎಲ್ಲ ಹೊಲಗಳಿಗೂ ಕಾಲುವೆಯ ನೀರು ಒಂದೇ ಸಮಯಕ್ಕೆ ತಲುಪಲಿಲ್ಲ. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಕೃಷಿಭಾಗ್ಯ ಯೋಜನೆಯಲ್ಲಿ ಒಣಬೇಸಾಯದ ರೈತರು ಹೊಂಡ ತೋಡಿ, ನೀರು ಇಂಗದಂತೆ ತಳಕ್ಕೆ ಪಾಲಿಥೀನ್ ಹಾಸಿದರು. ಅದೇ ಸೀಮೆಯ ದ್ರಾಕ್ಷಿ ಬೆಳೆಗಾರರು ನೆರಳಿನ ಅಟ್ಟಣೆಯಲ್ಲಿ ಮಣೂಕ ಒಣಗಿಸುವಾಗ ಮೇಲೆ ಹೊದಿಸುವುದೂ ಪ್ಲಾಸ್ಟಿಕ್ ಹಾಳೆಯನ್ನೇ.

ಹೊಂಡಕ್ಕೆ ಹಾಸುವ ಹಾಳೆಯಲ್ಲಿ ಒಂದು ಜಾತಿ ನೇಯ್ದ ಪಾಲಿಥೀನ್ ಬಟ್ಟೆಯ ಮೇಲೆ ಪಾಲಿಥೀನ್ ಲೇಪಿಸಿದ್ದು, ಅಂದರೆ ಪದರದ್ದೇ. ಅದಕ್ಕೆ ಭಾರತೀಯ ಮಾನಕ ಸಂಸ್ಥೆಯು ಐ.ಎಸ್. 15351 ಎಂಬ ಮಾನಕವನ್ನೇ ಪ್ರಕಟಿಸಿದೆ. ಸರ್ಕಾರದ ಮಾನಕ ಪುಸ್ತಿಕೆಯಲ್ಲಿ ಅಚ್ಚಾದದ್ದು ಗುಟ್ಟಲ್ಲ, ಯಾರೊಬ್ಬರ ಸೊತ್ತೂ ಅಲ್ಲ. ಆಲಮಟ್ಟಿಯ ಹೊಂಡದ ಹಾಳೆಯನ್ನು ನಮ್ಮ ಕಣಕ್ಕೆ ತಂದರೆ, ನಮ್ಮ ಕಣದ ಟಾರ್ಪಾಲನ್ನು ಅವರ ಮಣೂಕದ ಅಟ್ಟಣೆಗೆ ಒಯ್ದರೆ, ಅದು ಜಾಗ ಬದಲಾಯಿಸಿದ್ದಾಗುತ್ತದೆಯೇ ಹೊರತು ಶೋಧನೆಯಾಗುವುದಿಲ್ಲ. ಹೊಸ ಜಾಗ, ಹೊಸ ಬೆಳೆ, ಹೊಸ ಹೆಸರು ಎಂದು ಹಳೆಯ ಹಾಳೆಗೆ ಪೇಟೆಂಟ್ ಕೇಳುವವರ ಮೇಲೆ ಅವರೂ ನಾವೂ ಒಟ್ಟಾಗಿಯೇ ಕಣ್ಣಿಡಬೇಕು.

ಮುಂದೆ ಬರಲಿರುವುದು

ಈ ಪ್ರಶ್ನೆ ಈಗಲೇ ಏಕೆ ತುರ್ತಾಗಿದೆ ಎಂಬುದನ್ನೂ ಹೇಳಬೇಕು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಮತ್ತೆ ಬಳಸಲು ಬಾರದ ಬಹುಪದರದ ಪೊಟ್ಟಣಗಳನ್ನು ಕೈಬಿಡಬೇಕೆಂದವು. 2018ರಲ್ಲಿ ಆ ಮಾತನ್ನು ಸ್ವಲ್ಪ ಸಡಿಲಗೊಳಿಸಲಾಯಿತು. 2022ರ ಫೆಬ್ರವರಿಯ ಮಾರ್ಗಸೂಚಿಗಳು ತಯಾರಕರ ಮತ್ತು ಬ್ರಾಂಡಿನ ಒಡೆಯರ ಹೊಣೆಯನ್ನು ಗೊತ್ತುಪಡಿಸಿದವು. ಗುಟ್ಕಾ, ಪಾನ್ ಮಸಾಲೆಗಳ ಪ್ಲಾಸ್ಟಿಕ್ ಪೊಟ್ಟಣಗಳು 2011ರಲ್ಲೇ ನಿಷೇಧಗೊಂಡಾಗ ಪೊಟ್ಟಣದ ಕಾನೂನು ಅಡಿಕೆಯ ಮಾರುಕಟ್ಟೆಯನ್ನೂ ಮುಟ್ಟುತ್ತದೆಂದು ನಾವು ಕಂಡಿದ್ದೇವೆ.

ಪಾಲಿಯೆಸ್ಟರು, ಅಲ್ಯುಮಿನಿಯಂ, ಪಾಲಿಥೀನು ಎಲ್ಲ ಅಂಟಿದ ಪೊಟ್ಟಣವನ್ನು ಬೇರ್ಪಡಿಸಿ ಕರಗಿಸುವುದು ಕಷ್ಟ. ಎಲ್ಲ ಪದರಗಳೂ ಪಾಲಿಥೀನಿನವೇ ಆದರೆ ಸುಲಭ. ಆದ್ದರಿಂದ ಲೋಕದ ದೊಡ್ಡ ಕಂಪೆನಿಗಳೆಲ್ಲ ಈಗ ಪೂರ್ತಿ ಪಾಲಿಥೀನಿನ ಪದರದ ಹಾಳೆಗಳತ್ತ ಹೊರಳಿವೆ. ಅರ್ಜಿಗಳೂ ಆ ದಿಕ್ಕಿನಲ್ಲೇ ಬೀಳುತ್ತಿವೆ. ಒಳ್ಳೆಯ ಕೆಲಸ, ಸಂತೋಷ. ಆದರೆ ಪರಿಸರಕ್ಕಾಗಿ ಎಲ್ಲರೂ ಬಳಸಲೇಬೇಕಾದ ಹಾಳೆಯ ಮೇಲೆ ಅಗಲವಾದ ಪೇಟೆಂಟ್ ಕೊಟ್ಟರೆ, ಸ್ವಂತ ಹೆಸರಿನಲ್ಲಿ ಕಾಫಿಪುಡಿ ಮಾರುವ ಸಣ್ಣ ಸಹಕಾರ ಸಂಘ ಒಬ್ಬನೇ ಮಾರಾಟಗಾರನ ಬಾಗಿಲಲ್ಲಿ ನಿಲ್ಲಬೇಕಾದೀತು. ಕಾನೂನು ಬಳಸು ಎನ್ನುತ್ತದೆ, ಪೇಟೆಂಟುದಾರ ನಾನು ಹೇಳಿದ ಬೆಲೆಗೆ ಎನ್ನುತ್ತಾನೆ. ನಡುವೆ ಸಿಕ್ಕಿಬೀಳುವವರು ನಾವು.

ಕಂಪೆನಿಯವರ ವಾದವನ್ನೂ ಕೇಳೋಣ. ಹೊಸ ಹಾಳೆ ಕಂಡುಹಿಡಿಯಲು ವರ್ಷಗಳ ಪ್ರಯೋಗ, ಕೋಟಿಗಟ್ಟಲೆ ಬಂಡವಾಳ ಬೇಕು. ರಕ್ಷಣೆ ಇಲ್ಲದಿದ್ದರೆ ಯಾರು ಹಣ ಹೂಡುತ್ತಾರೆ ಎನ್ನುತ್ತಾರೆ. ಒಪ್ಪತಕ್ಕ ಮಾತು. ನಾವು ರಕ್ಷಣೆ ಬೇಡವೆನ್ನುತ್ತಿಲ್ಲ, ಶೋಧನೆಯಷ್ಟೇ ಅಗಲದ ರಕ್ಷಣೆ ಸಾಕೆನ್ನುತ್ತೇವೆ. ತಮ್ಮ ಹಾಳೆ ಹಳೆಯದಕ್ಕಿಂತ ಎಷ್ಟು ತೇವ ತಡೆಯಿತು, ಎಷ್ಟು ಕಾಲ ಬಿಸಿಲಿಗೆ ಬಾಳಿತು ಎಂಬುದನ್ನು ಹಳೆಯದರ ಪಕ್ಕದಲ್ಲಿಟ್ಟು ಅಳೆದು ತೋರಿಸಲಿ. ನಿಜವಾದ ಶೋಧಕನಿಗೆ ಇದು ಭಾರವಲ್ಲ.

ಸಂಘದ ಮುಂದೆ ನನ್ನ ಸಲಹೆಗಳು

1. ಪೇಟೆಂಟ್ ಇದೆ ಎಂದವರಿಂದ ಸಂಖ್ಯೆ ಕೇಳದೆ ಸಂಘ ಏನನ್ನೂ ಕೊಳ್ಳಬಾರದು. ಅರ್ಜಿ ಬೇರೆ, ಮಂಜೂರಾತಿ ಬೇರೆ. ಮಂಜೂರಾಗುವ ತನಕ ಯಾರ ಮೇಲೂ ದಾವೆ ಹೂಡುವಂತಿಲ್ಲ. ಮಂಜೂರಾದ ಮೇಲೂ ಕಾಲಕಾಲದ ಶುಲ್ಕ ಕಟ್ಟದಿದ್ದರೆ ಹಕ್ಕು ಬಿದ್ದುಹೋಗುತ್ತದೆ. ಪೇಟೆಂಟ್ ಕಚೇರಿಯ ದಾಖಲೆಗಳನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಇಲ್ಲದ ಪೇಟೆಂಟ್ ಇದೆಯೆಂದು ಹೇಳಿ ಮಾರುವುದು 120ನೆಯ ಪ್ರಕರಣದ ಪ್ರಕಾರ ದಂಡಾರ್ಹ.

2. ಅದೇ ರೀತಿ, ನಿಜವಾದ ಪೇಟೆಂಟ್ ಇರುವ ವಸ್ತುವಿನ ಕಳ್ಳ ನಕಲನ್ನು ಅಗ್ಗವೆಂದು ಕೊಳ್ಳಬಾರದು. ತಯಾರಿಸುವುದು, ಮಾರುವುದು ಮಾತ್ರವಲ್ಲ, ಬಳಸುವುದೂ ಉಲ್ಲಂಘನೆಯ ವ್ಯಾಖ್ಯೆಯೊಳಗೆ ಬರುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮಗಾಗಿಯೇ ಇದೆ.

3. ಸದಸ್ಯರು ತಾವು ಹಾಳೆಗಳನ್ನು ಬಳಸುವ ರೀತಿಗಳನ್ನು, ಯಾವ ವರ್ಷದಿಂದ, ಎಷ್ಟು ಪದರ, ಯಾವ ಕೆಲಸಕ್ಕೆ ಎಂಬ ವಿವರದೊಡನೆ, ಈ ಪತ್ರಿಕೆಗೆ ಬರೆದು ಕಳುಹಿಸಬೇಕು. ಎರಡು ಒಳಚೀಲವನ್ನು ಒಂದರೊಳಗೊಂದು ಇಟ್ಟು ಅಡಿಕೆ ಕಾಪಿಟ್ಟವರು ನಮ್ಮಲ್ಲಿ ಇದ್ದಾರೆ. ತಾರೀಖು ಸಹಿತ ಅಚ್ಚಾದ ನಾಲ್ಕು ಸಾಲು ಮುಂದೆ ಬರುವ ಅರ್ಜಿಗೆ ಉತ್ತರವಾಗಬಲ್ಲದು. ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಿರುವ ತಿಳಿವಳಿಕೆಯನ್ನೂ ಕಾನೂನು ಆಕ್ಷೇಪಣೆಗೆ ಆಧಾರವೆಂದು ಒಪ್ಪುತ್ತದೆ. ಆದರೆ ಕಾಗದದ ಬಲ ಬೇರೆಯೇ.

4. ಸದಸ್ಯರೊಬ್ಬರು ನಿಜವಾಗಿಯೂ ಹೊಸದನ್ನು ಮಾಡಿದ್ದರೆ ಅದನ್ನು ಪತ್ರಿಕೆಗೆ ಕಳುಹಿಸುವ ಮುನ್ನ, ಪ್ರದರ್ಶನದಲ್ಲಿಡುವ ಮುನ್ನ, ಚೆನ್ನೈ ಪೇಟೆಂಟ್ ಕಚೇರಿಗೆ ತಾತ್ಕಾಲಿಕ ಅರ್ಜಿ ಹಾಕಲಿ. ನಮ್ಮ ರಾಜ್ಯ ಆ ಕಚೇರಿಯ ವ್ಯಾಪ್ತಿಗೆ ಸೇರಿದೆ. ಪೂರ್ಣ ವಿವರಣೆ ಸಲ್ಲಿಸಲು ಹನ್ನೆರಡು ತಿಂಗಳ ಕಾಲಾವಕಾಶ ಸಿಗುತ್ತದೆ. ಮೊದಲು ಊರಿಗೆಲ್ಲ ತೋರಿಸಿ ಆಮೇಲೆ ಅರ್ಜಿ ಹಾಕಿದರೆ ತನ್ನ ಮಾತೇ ತನಗೆ ತಡೆಯಾಗುತ್ತದೆ.

5. ಅರ್ಜಿ ಪ್ರಕಟವಾದ ಮೇಲೆ, ಮಂಜೂರಾಗುವ ಮುನ್ನ, ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. 2024ರ ಮಾರ್ಚಿನ ನಿಯಮಗಳ ತರುವಾಯ ಇದಕ್ಕೆ ಶುಲ್ಕ ಬಂದಿದೆ, ಆಕ್ಷೇಪಣೆಯಲ್ಲಿ ಹುರುಳಿದೆಯೇ ಎಂದು ಅಧಿಕಾರಿ ಮೊದಲೇ ನೋಡುತ್ತಾರೆ. ಮಂಜೂರಾತಿ ಪ್ರಕಟವಾದ ಮೇಲೆ ಒಂದು ವರ್ಷದೊಳಗೆ ಹಿತಾಸಕ್ತಿಯುಳ್ಳವರು ವಿರೋಧಿಸಬಹುದು. ಅನಂತರ ಉಳಿಯುವುದು ಹೈಕೋರ್ಟಿನ ಮೆಟ್ಟಿಲು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಒಂದೊಂದು ಸಂಘವೂ ಬೇರೆಬೇರೆಯಾಗಿ ಇದನ್ನು ಮಾಡಲಾರದು. 1973ರಲ್ಲಿ ಅಡಿಕೆಯ ಬೆಲೆಗಾಗಿ ಕರ್ನಾಟಕ ಕೇರಳಗಳ ಬೆಳೆಗಾರರು ಕೂಡಿ ಕ್ಯಾಂಪ್ಕೊ ಕಟ್ಟಲಿಲ್ಲವೇ? ಅರ್ಜಿಗಳ ಮೇಲೆ ಕಣ್ಣಿಡಲು ನಮ್ಮ ಸಂಘಗಳು ಕೂಡಿ ಒಬ್ಬ ಬಲ್ಲವರನ್ನು ನೇಮಿಸಿಕೊಳ್ಳುವುದು ಅದಕ್ಕಿಂತ ಬಹಳ ಸಣ್ಣ ಕೆಲಸ.

6. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ 1950ರಿಂದ ಕೆಲಸಮಾಡುತ್ತಿದೆ, ಪೊಟ್ಟಣದ ವಿಚಾರವನ್ನು ಬಲ್ಲದು. ಕಾಫಿ, ಅಡಿಕೆಗಳಿಗೆ ತಕ್ಕ ಒಳಚೀಲಗಳ ಪರೀಕ್ಷೆಯ ಫಲಿತಾಂಶಗಳನ್ನು ಕನ್ನಡದಲ್ಲಿ ಬಹಿರಂಗವಾಗಿ ಪ್ರಕಟಿಸಬೇಕೆಂದು ನಾವು ಇಂಥ ಸಾರ್ವಜನಿಕ ಸಂಸ್ಥೆಗಳನ್ನು ಕೇಳಿಕೊಳ್ಳಬೇಕು. ಅಚ್ಚಾದ ಪರೀಕ್ಷೆ ಬೆಳೆಗಾರನಿಗೆ ದಾರಿದೀಪ, ಸುಳ್ಳು ಹಕ್ಕಿಗೆ ತಡೆಗೋಡೆ.

ಒಂದು ಹಾಳೆಗೆ ಎಷ್ಟು ಪದರ ಎಂಬುದು ಕಾರ್ಖಾನೆಯ ಲೆಕ್ಕ. ಅದರಲ್ಲಿ ಶೋಧನೆ ಎಷ್ಟು ಎಂಬುದು ಸಾರ್ವಜನಿಕರ ಲೆಕ್ಕ. ಈ ಎರಡನೆಯ ಲೆಕ್ಕವನ್ನು ನಾವು ಕೇಳದಿದ್ದರೆ ಅದರ ಮೊತ್ತ ನಮ್ಮ ಖಾತೆಗೇ ಬಂದು ಬೀಳುತ್ತದೆ. ಮೂರನೆಯ ಮತ್ತು ಐದನೆಯ ಸಲಹೆಗಳನ್ನು ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಕಲಾಪ ಪಟ್ಟಿಯಲ್ಲಿ ಸೇರಿಸಲಿದ್ದೇನೆ. ಸದಸ್ಯರು ತಮ್ಮ ಅನುಭವ, ಆಕ್ಷೇಪಣೆಗಳನ್ನು ಸಭೆಗೆ ಮುಂಚಿತವಾಗಿ ಲಿಖಿತವಾಗಿ ಕಳುಹಿಸಿದರೆ ಚರ್ಚೆಗೆ ಅನುಕೂಲವಾದೀತು.

— ಕಾರ್ಯದರ್ಶಿ